ಗಾಳಿಯ ಲೆಕ್ಕದಲ್ಲಿ ಗಿರಣಿಯೂ ಸೇರಲಿ

ಗಜೇಂದ್ರಗಡದ ಗುಡ್ಡಗಳ ಗಾಳಿಯಂತ್ರಗಳು ಹೆಚ್ಚು ವಿದ್ಯುತ್ ನೀಡುವುದು ಮುಂಗಾರಿನಲ್ಲಿ. ರೋಣ, ನರಗುಂದ ಭಾಗದ ಹತ್ತಿ ಗಿರಣಿಗಳಿಗೆ ಅದು ಬೇಕಾಗುವುದು ಹತ್ತಿ ಬಿಡಿಸಿದ ನಂತರ, ಪಂಪ್‌ಸೆಟ್‌ಗಳಿಗೆ ಬೇಸಿಗೆಯಲ್ಲಿ. ಇವನ್ನು ಕನಿಷ್ಠ ವೆಚ್ಚದಲ್ಲಿ ಹೊಂದಿಸುವ ದಾರಿಯನ್ನು ಹುಡುಕುವುದೇ ಗಣಿತ ಮಾದರಿಗಳ ಕಾರ್ಯ. ಸೀಮಿತ ಬಂಡವಾಳವನ್ನು ಹಲವು ಸರಕುಗಳಿಗೆ ಹಂಚುವ ವರ್ತಕನ ಲೆಕ್ಕವೇ ಇದು. ಸಮೀಕರಣಗಳು ಮಾತ್ರ ಸಾವಿರಾರು.

ರಾಜ್ಯಕ್ಕೆ ಇದು ಹೊಸದಲ್ಲ. 1987ರ ಸರ್ಕಾರಿ ದೀರ್ಘಾವಧಿ ವಿದ್ಯುತ್ ಯೋಜನೆಗೆ ಪರ್ಯಾಯವಾಗಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಅಮೂಲ್ಯ ರೆಡ್ಡಿ ಮತ್ತು ಸಂಗಡಿಗರು 1991ರಲ್ಲಿ ‘ಡಿಫೆಂಡಸ್’ ಯೋಜನೆಯನ್ನು ಮಂಡಿಸಿದರು. ಎಷ್ಟು ಸ್ಥಾವರ ಬೇಕೆಂಬುದಕ್ಕಿಂತ ಯಾವ ಕೆಲಸಕ್ಕೆ ಎಷ್ಟು ವಿದ್ಯುತ್ ಬೇಕೆಂಬುದೇ ಅವರ ಮೊದಲ ಪ್ರಶ್ನೆ. ಉಳಿತಾಯವನ್ನೂ ಒಂದು ಮೂಲವೆಂದೇ ಎಣಿಸಿ, ಅಗ್ಗದ್ದರಿಂದ ಆರಂಭಿಸಿ ಎಲ್ಲ ಮೂಲಗಳನ್ನು ಸಾಲಾಗಿ ಜೋಡಿಸಿದಾಗ, ಬೇಡಿಕೆಯೂ ವೆಚ್ಚವೂ ಸರ್ಕಾರದ ಅಂದಾಜಿಗಿಂತ ಬಹಳ ಕೆಳಗಿಳಿದವು.

ಆದರೆ ಮಾದರಿಯು ತನಗೆ ಒದಗಿಸಿದ ಅಂಕಿಗಳನ್ನಷ್ಟೇ ಬಲ್ಲದು. ವಿದ್ಯುತ್ತಿಲ್ಲದ ಒಂದು ತಾಸಿಗೆ ಜನರೇಟರು ಕುಡಿದ ಡೀಸೆಲ್ ಅದರಲ್ಲಿ ಸೇರದಿದ್ದರೆ, ಆ ತಾಸು ಪುಕ್ಕಟೆಯೆಂದೇ ಲೆಕ್ಕವಾದೀತು. ದರ ಏರಿಕೆಗೆ ಪ್ರತಿವರ್ಷ ಬರಿಯ ಆಕ್ಷೇಪಣೆ ಸಲ್ಲಿಸುವುದರಿಂದ ಕಡತ ದಪ್ಪವಾಗುವುದು, ಅಷ್ಟೇ. ಅದರ ಬದಲು ಮೂರೂ ಊರುಗಳ ಉದ್ಯಮಿಗಳು ತಮ್ಮ ತಿಂಗಳುವಾರು, ತಾಸುವಾರು ಬೇಡಿಕೆಯನ್ನೂ ಡೀಸೆಲ್ ಖರ್ಚನ್ನೂ ಪಟ್ಟಿಮಾಡಿ ಹೆಸ್ಕಾಂಗೂ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಸಾರ್ವಜನಿಕ ವಿಚಾರಣೆಗೂ ಒಪ್ಪಿಸಬೇಕು. ಮುಂದಿನ ಹತ್ತಿ ಹಂಗಾಮಿಗೆ ಮೊದಲೇ ಆ ಪಟ್ಟಿ ಸಿದ್ಧವಾಗುವುದು ಅಗತ್ಯ.