ಹಳೆಯ ಪಟಕ್ಕೆ ಹೊಸ ಸೀರೆ

ಪರಊರಿನಲ್ಲಿ ಸಂಸಾರ ಹೂಡಿದ ನಮ್ಮವರ ಮನೆಗಳಲ್ಲಿ ಗೋಡೆ ಕಡಿಮೆ, ಗೋಡೆಗೆ ಏನಾದರೂ ತೂಗುಹಾಕಬೇಕೆಂಬ ಆಸೆ ಹೆಚ್ಚು. ಅಂಗಡಿಯಲ್ಲಿ ಹೊಸ ಚಿತ್ರದ ಬೆಲೆ ಕೇಳಿದರೆ ಆಸೆ ತಾನಾಗಿ ಅಡಗುತ್ತದೆ. ಆಗ ನೆನಪಾಗುವುದು ಹಳೆಯ ಸಾಮಾನಿನ ಪೇಟೆ. ಮುಂಬಯಿಯವರಿಗೆ ಭೇಂಡಿ ಬಜಾರದ ಬಳಿಯ ಚೋರ್ ಬಜಾರವನ್ನು ನಾವು ಪರಿಚಯಿಸಬೇಕಾದ್ದಿಲ್ಲ. ಪುಣೆಯವರಿಗೆ ಬುಧವಾರ, ಭಾನುವಾರಗಳ ಜೂನಾ ಬಜಾರವುಂಟು. ಹೈದರಾಬಾದಿನವರಿಗೆ ಗುರುವಾರದ ಜುಮ್ಮೇರಾತ್ ಬಜಾರ. ಚೆನ್ನೈಯ ಮೂರ್ ಮಾರ್ಕೆಟ್ಟು ಮಾತ್ರ 1985ರಲ್ಲಿ ಬೆಂಕಿಗೆ ಆಹುತಿಯಾಯಿತು.

ಇಂಥ ಪೇಟೆಗಳಲ್ಲಿ ಒಡೆದ ಗಡಿಯಾರ, ಹಿತ್ತಾಳೆ ಕೊಳಗಗಳ ನಡುವೆ ಗೋಡೆಗೆ ಮುಖ ಮಾಡಿ ಒರಗಿಸಿಟ್ಟ ದೇವರ ಪಟಗಳು ಕಾಣಸಿಗುತ್ತವೆ. ಹಿರಿಯರು ತೀರಿಕೊಂಡು ಮನೆ ಖಾಲಿ ಮಾಡುವಾಗ ಮೊದಲು ಹೊರಬೀಳುವ ವಸ್ತುಗಳಲ್ಲಿ ಇವೂ ಒಂದು. ನಮ್ಮ ಗೃಹಿಣಿಯರು ಅವುಗಳಲ್ಲಿ ಒಂದು ಬಗೆಯನ್ನು ಗುರುತಿಸಲು ಕಲಿಯಬೇಕೆಂಬುದು ಈ ಸಲದ ನಮ್ಮ ಮಾತು.

ರಾಜಾ ರವಿವರ್ಮನು 1894ರಲ್ಲಿ ಮುಂಬಯಿಯ ಗಿರಗಾಂವದಲ್ಲಿ ಜರ್ಮನ್ ಯಂತ್ರಗಳನ್ನು ತರಿಸಿ ಮುದ್ರಣಾಲಯವೊಂದನ್ನು ಹೂಡಿದ. ಮುಂದೆ ಅದು ಲೋಣಾವಳದ ಬಳಿಯ ಮಳವಲಿಗೆ ಹೋಯಿತು. ಅದಕ್ಕೂ ಮೊದಲೇ, 1878ರಲ್ಲಿ, ಪುಣೆಯಲ್ಲಿ ಚಿತ್ರಶಾಳಾ ಮುದ್ರಣಾಲಯ ಹುಟ್ಟಿತ್ತು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಕಾಗದವನ್ನು ಕಲ್ಲಿನಿಂದ ಕಲ್ಲಿಗೆ ಒತ್ತಿ, ಮೇಲೆ ವಾರ್ನಿಷ್ ಬಳಿದರೆ ತೈಲಚಿತ್ರದ ಹೊಳಪು. ಇದೇ ಓಲಿಯೋಗ್ರಾಫ್. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಮೂಲ ಚಿತ್ರಗಳನ್ನು ನೋಡಿದವರು ಈ ಅಚ್ಚುಗಳನ್ನು ಕಂಡು ಮೂಗು ಮುರಿಯಬಹುದು. ಆದರೆ ಗುಮಾಸ್ತನ ಮನೆಗೆ ಬಂದ ಲಕ್ಷ್ಮಿ ಈ ಅಚ್ಚಿನ ಲಕ್ಷ್ಮಿಯೇ.

ಮನೆಗೆ ಬಂದ ಲಕ್ಷ್ಮಿಯನ್ನು ನಮ್ಮ ಹೆಂಗಸರು ಬಂದಂತೆಯೇ ಬಿಡಲಿಲ್ಲ. ಮುಖ, ಕೈ, ಪಾದಗಳನ್ನು ಅಚ್ಚಿನಲ್ಲಿದ್ದಂತೆಯೇ ಉಳಿಸಿ, ಅಚ್ಚಿನ ಸೀರೆಯ ಮೇಲೆ ನಿಜವಾದ ರೇಷ್ಮೆಯ ಚೂರು ಅಂಟಿಸಿದರು. ಅಂಚಿಗೆ ಜರಿ, ಕುಪ್ಪಸಕ್ಕೆ ಚಮಕಿ, ಕೊರಳಿಗೆ ಮಣಿ. ಕೆಲವರು ದಾರ ಪೋಣಿಸಿ ಕಾಗದದ ಮೇಲೆಯೇ ಕಸೂತಿ ತೆಗೆದರು. ಒಂದೇ ಕಲ್ಲಿನಿಂದ ಇಳಿದ ಅಸಂಖ್ಯ ಪಟಗಳಲ್ಲಿ, ಹೀಗೆ ಸೀರೆ ಉಟ್ಟ ಮೇಲೆ ಒಂದರಂತೆ ಇನ್ನೊಂದಿರಲಿಲ್ಲ. ಯಾರ ಹಳೆಯ ಸೀರೆಯ ಸೆರಗು ಯಾವ ಸರಸ್ವತಿಯ ಮೈಮೇಲಿದೆಯೋ!

1914ರಲ್ಲಿ ಫ್ರಾನ್ಸಿನ ಮಾರ್ಸೆಲ್ ದ್ಯುಶಾಂ ಎಂಬಾತ ಅಗ್ಗದ ನಿಸರ್ಗಚಿತ್ರದ ಅಚ್ಚೊಂದರ ಮೇಲೆ ಕೆಂಪು, ಹಸಿರು ಎರಡು ಚುಕ್ಕೆ ಇಟ್ಟ. ಕಲಾ ಇತಿಹಾಸ ಆತನನ್ನು ಮರೆತಿಲ್ಲ. 1959ರಲ್ಲಿ ಡೆನ್ಮಾರ್ಕಿನ ಆಸ್ಗರ್ ಯೋರ್ನ್ ಸಂತೆಯಲ್ಲಿ ಕೊಂಡ ಅನಾಮಿಕರ ಚಿತ್ರಗಳ ಮೇಲೆ ತನ್ನ ಬಣ್ಣ ಎಳೆದು ಪ್ಯಾರಿಸಿನಲ್ಲಿ ಪ್ರದರ್ಶಿಸಿದ. ಒಳ್ಳೆಯದೇ. ಆದರೆ ಎರಡು ಚುಕ್ಕೆಗೆ ಸಿಕ್ಕ ಹೆಸರು ಸಾವಿರ ಚಮಕಿ ಹೊಲಿದ ನಮ್ಮ ಅಜ್ಜಿಯರಿಗೆ ಸಿಗಲಿಲ್ಲವೆಂದು ನಮಗೆ ಅನ್ನಿಸಿದರೆ ಓದುಗರು ಮನ್ನಿಸಬೇಕು. ಈಗೀಗ ಸಂಗ್ರಹಾಲಯಗಳ ಕಣ್ಣು ಇತ್ತ ತಿರುಗಿದೆ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ಬಾಗಿಲು ತೆರೆದ ಮ್ಯೂಸಿಯಮ್ ಆಫ್ ಆರ್ಟ್ ಅಂಡ್ ಫೋಟೋಗ್ರಫಿಯ ಸಂಗ್ರಹದಲ್ಲಿ ಇಂಥ ಸಿಂಗರಿಸಿದ ಅಚ್ಚುಗಳಿವೆ.

ಆದಕಾರಣ ಚೋರ್ ಬಜಾರದಲ್ಲಿ ಜರಿ ಮಾಸಿದ, ಚಮಕಿ ಉದುರಿದ ಪಟ ಸಿಕ್ಕರೆ ಅದನ್ನು ಕಿತ್ತು ಹೊಸದಾಗಿ ಮಾಡುವ ಗೋಜಿಗೆ ಹೋಗಬೇಡಿ. ಧೂಳನ್ನು ಮೆತ್ತಗಿನ ಕುಂಚದಿಂದ ತೆಗೆದರೆ ಸಾಕು. ಕಾಗದ ಗಾಜಿಗೆ ಅಂಟಿಕೊಂಡಿದ್ದರೆ ಬಲವಂತದಿಂದ ಬಿಡಿಸಬಾರದು. ದೇವಿಯ ಮುಖ ಗಾಜಿನಲ್ಲೇ ಉಳಿದೀತು. ಸಿಂಗಾರವಿಲ್ಲದ ಹಳೆಯ ಓಲಿಯೋಗ್ರಾಫ್ ಸಿಕ್ಕರೂ ಅದರ ಮೇಲೆ ಗೋಂದು ಹಚ್ಚದಿರುವುದೇ ಲೇಸು. ಅದರ ನಕಲು ತೆಗೆಸಿ, ನಕಲಿನ ಮೇಲೆ ಕೈಚಳಕ ತೋರಿಸಬಹುದು.

ನಿಜವಾದುದು ಯಾವುದು, ಇತ್ತೀಚಿನದು ಯಾವುದು ಎಂದು ತಿಳಿಯಲು ಒಂದು ಭೂತಗನ್ನಡಿ ಜೊತೆಗಿರಲಿ. ಕಲ್ಲಚ್ಚಿನಲ್ಲಿ ಬಣ್ಣದ ಕಣಗಳು ಮರಳು ಚೆಲ್ಲಿದಂತೆ ಅಂಕೆಯಿಲ್ಲದೆ ಹರಡಿರುತ್ತವೆ; ಇಂದಿನ ಆಫ್‌ಸೆಟ್ ಅಚ್ಚಿನಲ್ಲಿ ಚುಕ್ಕೆಗಳು ರಂಗೋಲಿಯಂತೆ ಸಾಲಾಗಿ ನಿಲ್ಲುತ್ತವೆ. ಹೊಸ ಅಚ್ಚನ್ನು ಹಳೆಯ ತೇಗದ ಚೌಕಟ್ಟಿಗೆ ತೂರಿಸಿ ಪುರಾತನವೆಂದು ಮಾರುವವರೂ ಉಂಟು. ಅಂಥದನ್ನು ಚೌಕಟ್ಟಿನ ಬೆಲೆಗೆ ಚೌಕಾಸಿ ಮಾಡಿ ತಂದರೆ ನಷ್ಟವಿಲ್ಲ. ನಿಮ್ಮ ಸೂಜಿಗೆ ತಕ್ಕ ಪಟ ಅದೇ.

ಮೊದಲು ಅಚ್ಚಿನ ಬೆನ್ನಿಗೆ ತೆಳುವಾದ ಹತ್ತಿ ಬಟ್ಟೆಯನ್ನು ಮೈದಾ ಅಂಟಿನಿಂದ ಹಚ್ಚಿ, ಭಾರವಿಟ್ಟು ಪೂರಾ ಒಣಗಿಸಿ. ಇಲ್ಲದಿದ್ದರೆ ಸೂಜಿ ಹಾಕಿದಲ್ಲಿ ಕಾಗದ ಹರಿಯುತ್ತದೆ. ಸೀರೆಯ ಆಕಾರವನ್ನು ತೆಳುಕಾಗದದ ಮೇಲೆ ಎಳೆದುಕೊಂಡು ಬಟ್ಟೆ ಕತ್ತರಿಸಿ. ನೆರಿಗೆ ಅಚ್ಚಿನಲ್ಲಿ ಎತ್ತ ಬೀಳುತ್ತದೋ ಎಳೆಯೂ ಅತ್ತಲೇ ಹೋಗಲಿ. ಹಳೆಯ ಇಳಕಲ್ಲಿನ ಸೆರಗು ಪೆಟ್ಟಿಗೆಯಲ್ಲಿ ಮಡಿಕೆಯಲ್ಲೇ ಸೀಳುತ್ತಿದ್ದರೆ ಅದಕ್ಕಿಂತ ಒಳ್ಳೆಯ ಬಟ್ಟೆ ಬೇರೆ ಬೇಕಿಲ್ಲ. ಚಮಕಿಯ ವಿಷಯದಲ್ಲಿ ಕೈ ಸ್ವಲ್ಪ ಬಿಗಿಯಾಗಿರಲಿ. ದೇವಿ ನಾಟಕದ ಪಾತ್ರಧಾರಿಯಂತೆ ಕಾಣಬಾರದು. ಮುಖವನ್ನಂತೂ ಮುಟ್ಟಲೇಬೇಡಿ.

ಚೌಕಟ್ಟು ಹಾಕಿಸುವಾಗ ಗಾಜಿಗೂ ಪಟಕ್ಕೂ ನಡುವೆ ಅರ್ಧ ಅಂಗುಲದ ಪಟ್ಟಿ ಇಡಲು ಹೇಳಿ. ಮುಂಬಯಿಯ ಮಳೆಗಾಲದಲ್ಲಿ ಗಾಜಿನ ಒಳಮೈ ಬೆವರುತ್ತದೆ. ಮಣಿ, ಬಟ್ಟೆ ಅದಕ್ಕೆ ತಾಗಿದ್ದರೆ ಬೂಸಲು ಖಂಡಿತ. ಹಿಂಬದಿಯ ಹಳೆಯ ಮರದ ಹಲಗೆಯೂ ಬೇಡ. ಮರದ ಆಮ್ಲ ಕಾಗದಕ್ಕೆ ಇಳಿದು ಅದನ್ನು ಕಂದಾಗಿಸುತ್ತದೆ. ಆಮ್ಲರಹಿತ ರಟ್ಟು ಮೇಲು.

ರಟ್ಟು ಬಿಗಿಯುವ ಮುನ್ನ ಪಟದ ಬೆನ್ನಿನ ಬಟ್ಟೆಯ ಮೇಲೆ ಹೊಲಿದವರ ಹೆಸರು, ಊರು, ವರ್ಷ, ಸೀರೆ ಯಾರದೆಂಬುದು, ಎಲ್ಲವನ್ನೂ ಕನ್ನಡದಲ್ಲಿ ಬರೆದಿಡಿ. ಪೆನ್ಸಿಲಿನಿಂದಲೇ ಬರೆಯಿರಿ, ಶಾಯಿಯಾದರೆ ತೇವಕ್ಕೆ ಹರಡಿ ಮುಂಭಾಗಕ್ಕೂ ಇಳಿಯುತ್ತದೆ.