ಕಾಲೇಜೋ ವಿಶ್ವವಿದ್ಯಾಲಯವೋ: ಕನ್ನಡ ಅಧ್ಯಯನದ ನೆಲೆಯ ಪ್ರಶ್ನೆ

ಪದವಿ ತರಗತಿಯಲ್ಲಿ ಐಚ್ಛಿಕ ಕನ್ನಡವನ್ನು ಓದಿದ ವಿದ್ಯಾರ್ಥಿ ಎಂ.ಎ. ಪ್ರವೇಶಕ್ಕೆ ಮುನ್ನ ತನ್ನ ಅಧ್ಯಾಪಕರ ಮುಂದಿಡುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಊರಿಗೆ ಸಮೀಪದ ಕಾಲೇಜಿನ ಸ್ನಾತಕೋತ್ತರ ವಿಭಾಗವನ್ನು ಸೇರಬೇಕೆ, ಇಲ್ಲವೆ ವಿಶ್ವವಿದ್ಯಾಲಯದ ಆವರಣಕ್ಕೇ ಹೋಗಬೇಕೆ? ದೊರೆಯುವ ಉತ್ತರವೂ ಬಹುಮಟ್ಟಿಗೆ ಒಂದೇ: ಸೀಟು ಸಿಕ್ಕರೆ ವಿಶ್ವವಿದ್ಯಾಲಯ, ಸಿಗದಿದ್ದರೆ ಕಾಲೇಜು. ಕಾಲೇಜು ಪಾಠ ಹೇಳುವ ಸ್ಥಳ, ವಿಶ್ವವಿದ್ಯಾಲಯ ಜ್ಞಾನವನ್ನು ಸೃಷ್ಟಿಸುವ ಸ್ಥಳ ಎಂಬ ಗ್ರಹಿಕೆ ಈ ಉತ್ತರದ ಹಿಂದಿದೆ. ಕನ್ನಡ ಅಧ್ಯಯನದ ಚರಿತ್ರೆಯಾದರೋ ಈ ಗ್ರಹಿಕೆಯನ್ನು ಸಮರ್ಥಿಸುವುದಿಲ್ಲ.

1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಅದು ಕಾಣುತ್ತಿದ್ದುದು ಎರಡು ಕಾಲೇಜುಗಳ ರೂಪದಲ್ಲಿ: ಮೈಸೂರಿನ ಮಹಾರಾಜ ಕಾಲೇಜು ಮತ್ತು ಬೆಂಗಳೂರಿನ ಸೆಂಟ್ರಲ್ ಕಾಲೇಜು. 1927ರಲ್ಲಿ ಕನ್ನಡ ಎಂ.ಎ. ಆರಂಭವಾದದ್ದು ಮಹಾರಾಜ ಕಾಲೇಜಿನ ಕೊಠಡಿಯಲ್ಲಿ. ಟಿ.ಎಸ್. ವೆಂಕಣ್ಣಯ್ಯನವರ ಬಳಿ ಕುವೆಂಪು ಓದಿದ್ದು ಅಲ್ಲಿಯೇ. ಕನ್ನಡ ವಿದ್ವತ್ಪತ್ರಿಕೆಗಳಿಗೆ ಮಾದರಿಯಾದ ‘ಪ್ರಬುದ್ಧ ಕರ್ನಾಟಕ’ ಹುಟ್ಟಿದ್ದು ಎ.ಆರ್. ಕೃಷ್ಣಶಾಸ್ತ್ರಿಗಳ ಮುಂದಾಳುತನದಲ್ಲಿ, ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ. ಅದು ವಿಶ್ವವಿದ್ಯಾಲಯದ ಪತ್ರಿಕೆಯಾದದ್ದು ಆನಂತರ. ಕರಾವಳಿಯ ಕಡೆ ನೋಡಿದರೆ, ಪಂಪನನ್ನು ಕುರಿತು ‘ನಾಡೋಜ ಪಂಪ’ವನ್ನು ಬರೆದ ಮುಳಿಯ ತಿಮ್ಮಪ್ಪಯ್ಯನವರೂ ಕನ್ನಡ ಛಂದಸ್ಸಿನ ಚಿಂತನೆಗೆ ಹೊಸ ದಾರಿ ತೋರಿದ ಸೇಡಿಯಾಪು ಕೃಷ್ಣಭಟ್ಟರೂ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪಂಡಿತರು. ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು ಇನ್ನೂ ಸ್ಪಷ್ಟವಾದ ನಿದರ್ಶನ. ಅಲ್ಲಿಯ ಪ್ರಾಂಶುಪಾಲರಾಗಿದ್ದ ಕು.ಶಿ. ಹರಿದಾಸ ಭಟ್ಟರ ಶ್ರಮದಿಂದ ಬೆಳೆದ ಗೋವಿಂದ ಪೈ ಸಂಶೋಧನ ಕೇಂದ್ರವು ಯು.ಪಿ. ಉಪಾಧ್ಯಾಯರ ಸಂಪಾದಕತ್ವದ ತುಳು ನಿಘಂಟಿನ ಆರು ಸಂಪುಟಗಳನ್ನು 1988ರಿಂದ 1997ರ ಅವಧಿಯಲ್ಲಿ ಹೊರತಂದಿತು. ವಿಶ್ವವಿದ್ಯಾಲಯವೊಂದು ಕೈಗೊಳ್ಳಬೇಕಾದ ಕಾರ್ಯವನ್ನು ಒಂದು ಕಾಲೇಜಿನ ಪರಿಸರ ಪೂರೈಸಿತು.

ಹಾಗೆಂದು ದೊಡ್ಡ ವಿಶ್ವವಿದ್ಯಾಲಯದ ಕೊಡುಗೆಯನ್ನು ಕಡೆಗಣಿಸುವಂತಿಲ್ಲ. ಕುವೆಂಪು ಅವರ ಕುಲಪತಿತ್ವದ ಕೊನೆಯಲ್ಲಿ, 1960ರಲ್ಲಿ, ಮಾನಸಗಂಗೋತ್ರಿ ರೂಪುಗೊಂಡು ಸ್ನಾತಕೋತ್ತರ ಅಧ್ಯಯನ ಕಾಲೇಜಿನಿಂದ ಬೇರೆಯಾಯಿತು. 1966ರಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಸ್ಥಾಪನೆಯಾಯಿತು. ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಸಂಪುಟಗಳು, ವಿಶ್ವಕೋಶ, ಸಾಹಿತ್ಯ ಚರಿತ್ರೆಯ ಸಂಪುಟಗಳಂಥ ಯೋಜನೆಗಳಿಗೆ ಬೇಕಾದ ಹಣ, ಹಸ್ತಪ್ರತಿ ಭಂಡಾರ ಮತ್ತು ವಿದ್ವಾಂಸರ ಸಮೂಹ ಯಾವುದೇ ಒಂದು ಕಾಲೇಜಿಗೆ ನಿಲುಕುವಂಥದ್ದಲ್ಲ. ಧಾರವಾಡದಲ್ಲಿ 1939ರಲ್ಲಿ ಆರಂಭವಾದ ಕನ್ನಡ ಸಂಶೋಧನ ಸಂಸ್ಥೆ ಮುಂದೆ ಕರ್ನಾಟಕ ವಿಶ್ವವಿದ್ಯಾಲಯದ ಆಶ್ರಯಕ್ಕೆ ಬಂದುದರ ಹಿಂದೆಯೂ ಇದೇ ತರ್ಕವಿದೆ.

ಇದಕ್ಕಿಂತ ಮಹತ್ವದ ಇನ್ನೊಂದು ಅಂಶವಿದೆ. ಅನೇಕ ಖಾಸಗಿ ಕಾಲೇಜುಗಳು ಒಂದೊಂದು ಸಮುದಾಯದ, ಮಠದ ಅಥವಾ ಆಡಳಿತ ಮಂಡಳಿಯ ನೆರಳಿನಲ್ಲಿ ಬೆಳೆದವು. ಊರಿನ ಜಾತಿ ಶ್ರೇಣಿ ಅಲ್ಲಿಯ ತರಗತಿಯೊಳಗೂ ಬರುವುದುಂಟು. ಕುಟುಂಬದಲ್ಲಿ ಮೊದಲ ಬಾರಿಗೆ ಅಕ್ಷರ ಕಲಿತವರಿಗೆ ದೂರದ ವಿಶ್ವವಿದ್ಯಾಲಯ ಮತ್ತು ಅದರ ವಿದ್ಯಾರ್ಥಿನಿಲಯ ಬಿಡುಗಡೆಯ ತಾಣಗಳಾದವು. 1970ರ ದಶಕದ ದಲಿತ ಮತ್ತು ಬಂಡಾಯ ಚಿಂತನೆ ಬೆಳೆದುದರಲ್ಲಿ ಬೆಂಗಳೂರು, ಮೈಸೂರುಗಳ ಆವರಣಗಳ ಪಾತ್ರವೂ ಇದೆ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಓದಿದ ಸಿದ್ಧಲಿಂಗಯ್ಯನವರ ಹೆಸರನ್ನು ಇಲ್ಲಿ ನೆನೆಯಬಹುದು. ಸಣ್ಣ ಕಾಲೇಜಿನ ಆತ್ಮೀಯತೆಯನ್ನು ಹೊಗಳುವವರು ಆ ಆತ್ಮೀಯತೆ ಎಲ್ಲರಿಗೂ ಸಮನಾಗಿ ದೊರೆಯಿತೇ ಎಂಬ ಪ್ರಶ್ನೆಗೂ ಉತ್ತರ ಹೇಳಬೇಕಾಗುತ್ತದೆ.

ಆದರೆ 1960ರ ಆ ವಿಂಗಡಣೆಗೆ ಒಂದು ಬೆಲೆಯನ್ನೂ ತೆರಬೇಕಾಯಿತು. ಮಹಾರಾಜ ಕಾಲೇಜಿನ ವ್ಯವಸ್ಥೆಯಲ್ಲಿ ಹಿರಿಯ ಪ್ರಾಧ್ಯಾಪಕ ಪದವಿ ವಿದ್ಯಾರ್ಥಿಗಳಿಗೂ ಪಾಠ ಹೇಳುತ್ತಿದ್ದ; ಹದಿನೆಂಟರ ಹುಡುಗ ಮೊದಲ ಬಾರಿ ಹಳಗನ್ನಡದ ಎದುರು ನಿಂತಾಗ ಅವನ ಪಕ್ಕದಲ್ಲಿ ಆ ಕ್ಷೇತ್ರದ ತಜ್ಞನಿರುತ್ತಿದ್ದ. ವಿಂಗಡಣೆಯ ತರುವಾಯ ಓದಿಸುವವನು ಕಾಲೇಜಿನಲ್ಲಿ, ಸಂಶೋಧಿಸುವವನು ವಿಶ್ವವಿದ್ಯಾಲಯದಲ್ಲಿ ಎಂಬ ಶ್ರೇಣಿ ಏರ್ಪಟ್ಟಿತು. ಪದವಿಯಲ್ಲಿ ಪಠ್ಯವನ್ನು ಸಾಲುಸಾಲಾಗಿ ಓದದೆ ಬಂದವರು ಎಂ.ಎ.ಯಲ್ಲಿ ನೇರವಾಗಿ ಸಿದ್ಧಾಂತಗಳಿಗೆ ಕೈಹಾಕುತ್ತಾರೆ, ಪಿಎಚ್.ಡಿ. ಹಂತದಲ್ಲಿ ಹಳಗನ್ನಡ, ಶಾಸನ, ಹಸ್ತಪ್ರತಿಗಳನ್ನು ಬಿಟ್ಟು ಸುಲಭದ ವಿಷಯಗಳನ್ನು ಆಯ್ದುಕೊಳ್ಳುತ್ತಾರೆ. ಇದು ವಿದ್ಯಾರ್ಥಿಯ ಸೋಮಾರಿತನವಲ್ಲ, ವ್ಯವಸ್ಥೆಯ ಫಲ.

ಇಂದು ಎರಡೂ ನೆಲೆಗಳು ದುರ್ಬಲವಾಗಿವೆ. ರಾಷ್ಟ್ರೀಯ ಶಿಕ್ಷಣ ನೀತಿಯ ಅನ್ವಯ 2021ರಲ್ಲಿ ಬಂದ ನಾಲ್ಕು ವರ್ಷದ ಪದವಿ 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ತಿರುಗಿತು. ಐಚ್ಛಿಕ ಕನ್ನಡದ ಪಠ್ಯಕ್ರಮ ಮೂರೇ ವರ್ಷಗಳ ಅಂತರದಲ್ಲಿ ಎರಡು ಬಾರಿ ಬದಲಾಯಿತು. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಪಾಠದ ಹೊರೆಯನ್ನು ಬಹುಮಟ್ಟಿಗೆ ಹೊತ್ತಿರುವವರು ಅತಿಥಿ ಉಪನ್ಯಾಸಕರು. 2023ರ ಕೊನೆಯಲ್ಲಿ ಅವರು ಸೇವಾ ಕಾಯಮಾತಿಗಾಗಿ ತರಗತಿಗಳನ್ನೇ ಬಹಿಷ್ಕರಿಸಬೇಕಾಯಿತು. ವಿಶ್ವವಿದ್ಯಾಲಯದ ವಿಭಾಗಗಳಲ್ಲೂ ನಿವೃತ್ತರ ಸ್ಥಾನಗಳು ಖಾಲಿ ಉಳಿಯುತ್ತಿವೆ. ಇಂಥ ಸಂದರ್ಭದಲ್ಲಿ ಫಲಕದ ಮೇಲಿನ ಹೆಸರನ್ನು ನೋಡಿ ಸಲಹೆ ನೀಡುವುದು ವಿದ್ಯಾರ್ಥಿಗೆ ಮಾಡುವ ಅನ್ಯಾಯವೇ ಸರಿ.

ಸಲಹೆ ನೀಡುವ ಅಧ್ಯಾಪಕ ಮೂರು ಪ್ರಶ್ನೆಗಳನ್ನು ಕೇಳಿ ನೋಡುವುದು ಒಳಿತು. ಒಂದು, ಒಂದು ಪ್ರಾಚೀನ ಕಾವ್ಯವನ್ನು ಮೊದಲಿನಿಂದ ಕೊನೆಯವರೆಗೆ ವಿದ್ಯಾರ್ಥಿಯೊಡನೆ ಕುಳಿತು ಓದುವವರು ಅಲ್ಲಿ ಯಾರಿದ್ದಾರೆ? ಎರಡು, ಈ ವರ್ಷ ಇರುವ ಅಧ್ಯಾಪಕ ಮುಂದಿನ ವರ್ಷವೂ ಅಲ್ಲಿರುವನೇ? ಮೂರು, ಗ್ರಂಥಾಲಯದ ಕಪಾಟು ವಿದ್ಯಾರ್ಥಿಯ ಕೈಗೆ ಎಟಕುತ್ತದೆಯೇ, ಅವನು ನಿರ್ಭಯವಾಗಿ ಮಾತನಾಡಬಲ್ಲ ವಾತಾವರಣವಿದೆಯೇ? ಮೂರಕ್ಕೂ ಹೌದೆಂಬ ಉತ್ತರ ಸಿಗುವ ಸ್ಥಳ ತಾಲೂಕಿನ ಕಾಲೇಜಾದರೆ ಅದೇ ಸರಿಯಾದ ಆಯ್ಕೆ, ವಿಶ್ವವಿದ್ಯಾಲಯವಾದರೆ ಅದೇ. ಸಾಮಾನ್ಯವಾಗಿ ಹೇಳುವುದಾದರೆ, ಓದುವ ಅಭ್ಯಾಸ ಕುದುರುವುದು ಸಣ್ಣ ತರಗತಿಯಲ್ಲಿ, ಸಂಶೋಧನೆಗೆ ಸಾಮಗ್ರಿ ದೊರೆಯುವುದು ದೊಡ್ಡ ಸಂಸ್ಥೆಯಲ್ಲಿ. ಒಂದನ್ನು ಬಿಟ್ಟು ಇನ್ನೊಂದು ಪೂರ್ಣವಾಗದು.

ಆಯ್ಕೆಯ ಭಾರವನ್ನೆಲ್ಲ ಇಪ್ಪತ್ತೊಂದು ವರ್ಷದವರ ಹೆಗಲಿಗೆ ಹೊರಿಸುವುದೂ ಸಲ್ಲದು. ವಿಶ್ವವಿದ್ಯಾಲಯದ ಕನ್ನಡ ಪ್ರಾಧ್ಯಾಪಕರು ವರ್ಷಕ್ಕೊಂದು ಪಠ್ಯವನ್ನಾದರೂ ಪದವಿ ಕಾಲೇಜಿನಲ್ಲಿ ಬೋಧಿಸುವಂತಾಗಬೇಕು. ಅರ್ಹ ಕಾಲೇಜು ಅಧ್ಯಾಪಕರಿಗೆ ಮಾರ್ಗದರ್ಶನದ ಮಾನ್ಯತೆಯನ್ನು ಹಿಂಜರಿಕೆಯಿಲ್ಲದೆ ನೀಡಬೇಕು. ವಿಶ್ವವಿದ್ಯಾಲಯದ ಹಸ್ತಪ್ರತಿ ಭಂಡಾರಗಳು ಕಾಲೇಜಿನ ವಿದ್ಯಾರ್ಥಿಗಳಿಗೂ ಬಾಗಿಲು ತೆರೆಯಬೇಕು. ಇವುಗಳಲ್ಲಿ ಹೆಚ್ಚಿನವಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಅಧ್ಯಯನ ಮಂಡಳಿಗಳು ಮನಸ್ಸು ಮಾಡಿದರೆ ಸಾಕು. ಅಲ್ಲಿಯವರೆಗೆ ಕಾಲೇಜಿಗೆ ಹೋದವನು ಸಾಮಗ್ರಿಯಿಂದಲೂ ವಿಶ್ವವಿದ್ಯಾಲಯಕ್ಕೆ ಹೋದವನು ಓದಿನಿಂದಲೂ ವಂಚಿತನಾಗುವುದು ತಪ್ಪದು.