ಟ್ಯಾಬ್ಲೆಟ್ಟಿನ ಲೆಕ್ಕ ಅಂಗಡಿಯಲ್ಲಿಯೇ ಉಳಿಯಲಿ

ದೀಪಾವಳಿಯಂದು ಹೊಸ ಖಾತೆ ಕಿರ್ದಿಗೆ ಪೂಜೆ ಸಲ್ಲಿಸುವ ಪದ್ಧತಿಯನ್ನು ರಾಜ್ಯದ ವರ್ತಕರು ಇನ್ನೂ ಬಿಟ್ಟಿಲ್ಲ. ಆದರೆ ಅನೇಕ ಅಂಗಡಿಗಳಲ್ಲಿ ನಿಜವಾದ ಲೆಕ್ಕ ಈಗ ಆ ಕೆಂಪು ರಟ್ಟಿನ ವಹಿಯಲ್ಲಿಲ್ಲ. ಗಲ್ಲಾಪೆಟ್ಟಿಗೆಯ ಪಕ್ಕದ ಟ್ಯಾಬ್ಲೆಟ್‌ನಲ್ಲಿದೆ. ಬಿಲ್ಲುಗಳು, ಉದ್ರಿ ಬಾಕಿ, ದಾಸ್ತಾನಿನ ಪಟ್ಟಿ, ವಾಟ್ಸಾಪ್ ಮೂಲಕ ಬಂದ ಖರೀದಿ ಆದೇಶಗಳು, ಸಣ್ಣ ಕಾರ್ಖಾನೆಯಾದರೆ ಬಿಡಿಭಾಗಗಳ ನಕ್ಷೆಯ ಛಾಯಾಚಿತ್ರಗಳು ಎಲ್ಲವೂ ಅದರೊಳಗೇ. ವಹಿಯನ್ನು ತಿಜೋರಿಯಲ್ಲಿಟ್ಟು ಬೀಗ ಹಾಕುತ್ತಿದ್ದವರು ಇಂದು ಟ್ಯಾಬ್ಲೆಟ್ಟನ್ನು ಚಾರ್ಜಿಗೆ ಹಾಕಿ ನಿಶ್ಚಿಂತೆಯಿಂದ ಮನೆಗೆ ತೆರಳುತ್ತಾರೆ.

ಅದು ಕೆಳಗೆ ಬಿದ್ದು ಪರದೆ ಒಡೆದ ದಿನ, ಅಥವಾ ದುರಸ್ತಿಯವನು ‘ರೀಸೆಟ್ ಮಾಡದೆ ಗತ್ಯಂತರವಿಲ್ಲ’ ಎಂದ ದಿನ, ನಷ್ಟ ಯಂತ್ರದ ಬೆಲೆಗೆ ನಿಲ್ಲುವುದಿಲ್ಲ. ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನ ಪ್ರಕಾರ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳ ಕಾಲ ಕಾಪಾಡಬೇಕು. 2023-24ನೇ ಸಾಲಿನ ರಿಟರ್ನಿಗೆ 2024ರ ಡಿಸೆಂಬರ್ 31 ಕೊನೆಯ ದಿನವಾಗಿತ್ತು. ಅಂದರೆ ಆ ವರ್ಷದ ಬಿಲ್ಲುಗಳು 2030ರ ಕೊನೆಯವರೆಗೆ ಇರಲೇಬೇಕು. ಅಷ್ಟು ವರ್ಷ ಬಾಳುವ ಟ್ಯಾಬ್ಲೆಟ್ ಅಪರೂಪ. ಗಣಕೀಕೃತ ಲೆಕ್ಕ ಆಕಸ್ಮಿಕವಾಗಿ ನಾಶವಾದರೂ ಯುಕ್ತ ಅವಧಿಯೊಳಗೆ ಮರಳಿ ಪಡೆಯುವಂತೆ ಬ್ಯಾಕಪ್ ಇರಬೇಕೆಂದು ಜಿಎಸ್‌ಟಿ ನಿಯಮಾವಳಿಯ 57ನೇ ನಿಯಮವೂ ಸ್ಪಷ್ಟವಾಗಿ ಹೇಳುತ್ತದೆ. ಟ್ಯಾಬ್ಲೆಟ್ ಕೆಟ್ಟಿತೆಂಬ ಸಮಜಾಯಿಷಿಯನ್ನು ನೆಚ್ಚಿಕೊಂಡು ಕೂರುವಂತಿಲ್ಲ.

‘ಎಲ್ಲವೂ ಕ್ಲೌಡ್‌ನಲ್ಲಿದೆ’ ಎಂಬುದು ಸಾಮಾನ್ಯವಾಗಿ ಬರುವ ಉತ್ತರ. ಯಾರ ಖಾತೆಯ ಕ್ಲೌಡ್ ಎಂದು ಕೇಳಿದರೆ ಉತ್ತರ ತಡವರಿಸುತ್ತದೆ. ಟ್ಯಾಬ್ಲೆಟ್ ಕೊಂಡ ದಿನ ಅಂಗಡಿಯ ಹುಡುಗನೊಬ್ಬ ತನ್ನ ಮೊಬೈಲ್ ಸಂಖ್ಯೆ ಕೊಟ್ಟು ಖಾತೆ ತೆರೆದಿರುತ್ತಾನೆ. ಅವನು ಕೆಲಸ ಬಿಟ್ಟ ಮೇಲೆ ಪಾಸ್‌ವರ್ಡ್ ಯಾರಿಗೂ ತಿಳಿಯದು. ಗೂಗಲ್ ಖಾತೆಯಲ್ಲಿ ಉಚಿತವಾಗಿ ದೊರೆಯುವ ಜಾಗ 15 ಜಿಬಿ ಮಾತ್ರ, 2024ರಿಂದ ವಾಟ್ಸಾಪ್ ಬ್ಯಾಕಪ್ಪೂ ಅದೇ ಲೆಕ್ಕಕ್ಕೆ ಸೇರಿದೆ. ಕ್ಲೌಡ್ ಬೇಡವೆಂದಲ್ಲ. ವರ್ತಕನ ಸ್ವಂತ ಹತೋಟಿಯಲ್ಲಿ, ಅವನದೇ ಯಂತ್ರದಲ್ಲಿ ಇನ್ನೊಂದು ಪ್ರತಿ ಇರದಿದ್ದರೆ ಆ ಲೆಕ್ಕವನ್ನು ಅವನದೆನ್ನುವುದು ಕಷ್ಟ.

ಅಂತಹ ಯಂತ್ರ ಬಹುಪಾಲು ಅಂಗಡಿಗಳ ಮೂಲೆಯಲ್ಲಿ ಈಗಾಗಲೇ ಇದೆ. ವಿಂಡೋಸ್ 10ಕ್ಕೆ ಇದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಹಳೆಯ ಕಂಪ್ಯೂಟರುಗಳಲ್ಲಿ ಅನೇಕವು ವಿಂಡೋಸ್ 11ರ ಅಗತ್ಯಗಳನ್ನು ಪೂರೈಸಲಾರವು. ಅವನ್ನು ಗುಜರಿಗೆ ಹಾಕುವ ಮೊದಲು ಉಬುಂಟು ಅಥವಾ ಲಿನಕ್ಸ್ ಮಿಂಟ್‌ನಂತಹ ಮುಕ್ತ ತಂತ್ರಾಂಶವನ್ನು ಅಳವಡಿಸಿ ನೋಡುವುದು ಲೇಸು. ಅದಕ್ಕೆ ಪರವಾನಗಿ ಶುಲ್ಕವಿಲ್ಲ. ಟ್ಯಾಲಿ ನಡೆಯುತ್ತಿರುವ ಯಂತ್ರವನ್ನು ಮಾತ್ರ ಮುಟ್ಟಬಾರದು, ಅದು ವಿಂಡೋಸ್‌ಗಾಗಿ ಬರೆದ ತಂತ್ರಾಂಶ. ಇಲ್ಲಿ ಹೇಳುತ್ತಿರುವುದು ಪ್ರತಿಗಳನ್ನು ಕಾಪಾಡುವ ಎರಡನೆಯ ಯಂತ್ರದ ಮಾತು. ಅಳವಡಿಸುವಾಗಲೇ ಡಿಸ್ಕನ್ನು ಗೂಢಲಿಪಿಯಲ್ಲಿಡುವ ಆಯ್ಕೆಯನ್ನು ಒಪ್ಪಿಕೊಂಡರೆ, ಯಂತ್ರ ಕಳವಾದರೂ ಗಿರಾಕಿಗಳ ವಿವರ ಬೀದಿಗೆ ಬೀಳದು.

ಕಾರ್ಯವಿಧಾನ ಜಟಿಲವಲ್ಲ. ಆಂಡ್ರಾಯ್ಡ್ ಟ್ಯಾಬ್ಲೆಟ್ಟನ್ನು ಯುಎಸ್‌ಬಿ ಕೇಬಲ್ಲಿನಿಂದ ಜೋಡಿಸಿ, ಪರದೆಯಲ್ಲಿ ‘ಫೈಲ್ ಟ್ರಾನ್ಸ್‌ಫರ್’ ಆರಿಸಬೇಕು. ಇಲ್ಲವಾದರೆ ಅದು ಚಾರ್ಜ್ ಆಗುತ್ತದೆಯೇ ಹೊರತು ಕಡತಗಳು ಕಾಣಿಸವು. ಅಗ್ಗದ ಕೆಲವು ಕೇಬಲ್ಲುಗಳು ವಿದ್ಯುತ್ತನ್ನಷ್ಟೇ ಒಯ್ಯುತ್ತವೆ. ‘ಲಿನಕ್ಸ್ ಸರಿಯಿಲ್ಲ’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಈ ಕೇಬಲ್ಲೇ. ಐಪ್ಯಾಡ್ ಉಳ್ಳವರಿಗೆ ಲಿಬ್‌ಐಮೊಬೈಲ್‌ಡಿವೈಸ್ ಎಂಬ ಮುಕ್ತ ತಂತ್ರಾಂಶವಿದ್ದು, ಅದರಿಂದ ಪೂರ್ಣ ಬ್ಯಾಕಪ್ ತೆಗೆಯಬಹುದು. ಸಾವಿರಾರು ಸಣ್ಣ ಕಡತಗಳಿದ್ದಾಗ ವರ್ಗಾವಣೆ ನಡುವೆಯೇ ನಿಂತುಬಿಡುವುದುಂಟು. ಆದುದರಿಂದ ಎರಡೂ ಕಡೆ ಕಡತಗಳ ಸಂಖ್ಯೆಯನ್ನು ತಾಳೆ ನೋಡದೆ ಟ್ಯಾಬ್ಲೆಟ್ಟಿನಿಂದ ಏನನ್ನೂ ಅಳಿಸಕೂಡದು.

ಬಹಳ ಮಂದಿ ಎಡವುವುದು ಇದರ ನಂತರ. ಕೇಬಲ್ಲಿನಿಂದ ಬರುವುದು ಛಾಯಾಚಿತ್ರ, ಪಿಡಿಎಫ್, ಡೌನ್‌ಲೋಡ್ ಆದ ಕಡತಗಳು. ಬಿಲ್ಲಿಂಗ್ ಆ್ಯಪ್ ತನ್ನ ಲೆಕ್ಕವನ್ನು ಸಾಮಾನ್ಯವಾಗಿ ಟ್ಯಾಬ್ಲೆಟ್ಟಿನ ಒಳಭಾಗದಲ್ಲಿ ಇಟ್ಟುಕೊಳ್ಳುತ್ತದೆ, ಆಂಡ್ರಾಯ್ಡ್ ಅದನ್ನು ಹೊರಗಿನವರಿಗೆ ತೋರಿಸುವುದಿಲ್ಲ. ವಾಟ್ಸಾಪ್‌ನ ಕಡತಕೋಶವನ್ನು ನಕಲಿಸಿದರೆ ಚಿತ್ರಗಳೂ ದಾಖಲೆಗಳೂ ದೊರೆಯುತ್ತವೆ. ಮಾತುಕತೆಯ ದತ್ತಾಂಶ ಗೂಢಲಿಪಿಯಲ್ಲಿರುವುದರಿಂದ ಓದಲಾಗದು. ಮುಖ್ಯ ಆದೇಶಗಳ ಸಂಭಾಷಣೆಯನ್ನು ‘ಎಕ್ಸ್‌ಪೋರ್ಟ್ ಚಾಟ್’ ಮೂಲಕ ಪ್ರತ್ಯೇಕವಾಗಿ ತೆಗೆಯಬೇಕು. ಬಿಲ್ಲಿಂಗ್ ಆ್ಯಪ್‌ನಿಂದಲೂ ಹಾಗೆಯೇ ಸಿಎಸ್‌ವಿ, ಪಿಡಿಎಫ್ ರೂಪದಲ್ಲಿ ಲೆಕ್ಕವನ್ನು ಹೊರತೆಗೆದು, ಆಮೇಲೆ ಕೇಬಲ್ ಜೋಡಿಸಬೇಕು. ಸಿಎಸ್‌ವಿ ಕಡತವನ್ನು ಲಿಬ್ರೆಆಫೀಸ್ ತೆರೆಯುತ್ತದೆ, ಮುಂದೆ ಬರುವ ಬೇರೆ ತಂತ್ರಾಂಶವೂ ತೆರೆದೀತು. ಹಳೆಯ ನುಡಿ ಅಕ್ಷರಗಳಲ್ಲಿ ಟೈಪು ಮಾಡಿಟ್ಟ ಪತ್ರಗಳು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣಿಸಿದ್ದನ್ನು ಕಂಡ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ್ಯಪ್ ಮಾರಲು ಬಂದ ಪ್ರತಿನಿಧಿಯನ್ನು ವರ್ತಕರು ತಿಂಗಳ ಚಂದಾ ಎಷ್ಟೆಂದು ಕೇಳುತ್ತಾರೆ, ಚಂದಾ ನಿಲ್ಲಿಸಿದ ಮರುದಿನ ಹಳೆಯ ಬಿಲ್ಲುಗಳು ಕೈಗೆ ಸಿಗುವುವೇ ಎಂದು ಕೇಳುವವರು ವಿರಳ. ಲೆಕ್ಕ ಒಳಹೋಗುವ ದಾರಿಯನ್ನು ಮಾತ್ರ ತೋರಿಸಿ ಹೊರಬರುವ ದಾರಿಯನ್ನು ಮುಚ್ಚಿಟ್ಟ ಆ್ಯಪ್ ಎಷ್ಟೇ ಅಗ್ಗವಾಗಿದ್ದರೂ ಕೊಳ್ಳತಕ್ಕದ್ದಲ್ಲ. ಸದಸ್ಯರ ಪರವಾಗಿ ಈ ಪ್ರಶ್ನೆಯನ್ನು ವಾಣಿಜ್ಯ ಮಂಡಳಿಗಳೇ ಎತ್ತಬೇಕು. ಹಳೆಯ ಯಂತ್ರಗಳಿಗೆ ಲಿನಕ್ಸ್ ಅಳವಡಿಸಿಕೊಡಲು ಸ್ಥಳೀಯ ಪಾಲಿಟೆಕ್ನಿಕ್ ವಿದ್ಯಾರ್ಥಿಗಳ ನೆರವಿನಿಂದ ಅರ್ಧ ದಿನದ ಶಿಬಿರ ನಡೆಸುವುದೂ ಹೊರೆಯ ಕೆಲಸವಲ್ಲ.

ಅಲ್ಲಿಯವರೆಗೆ, ತಿಂಗಳ ಜಿಎಸ್‌ಟಿಆರ್-3ಬಿ ಸಲ್ಲಿಸುವ 20ನೇ ತಾರೀಖನ್ನೇ ಪ್ರತಿ ತೆಗೆಯುವ ದಿನವೆಂದು ಗುರುತಿಸಿಕೊಳ್ಳಬಹುದು. ಅಂದು ಟ್ಯಾಬ್ಲೆಟ್ಟನ್ನು ಪಕ್ಕಕ್ಕಿಟ್ಟು, ಕಳೆದ ವರ್ಷದ ಯಾವುದಾದರೊಂದು ಬಿಲ್ಲನ್ನು ಲಿನಕ್ಸ್ ಯಂತ್ರದಲ್ಲಿಯೇ ತೆರೆದು, ಮೊತ್ತ ಸರಿಯಿದೆಯೇ ಎಂದು ಗುಮಾಸ್ತರಿಂದ ಓದಿಸಿ ನೋಡಬೇಕು.